ಒಮ್ಮೆ ಬೀಳುತ್ತೆ, ಒಮ್ಮೆ ಬೀಳಲ್ಲ: ಹಳೇ ಫೋರ್ಡ್ ಪಿಕಪ್‌ನ ಓವರ್‌ಡ್ರೈವ್ ತೊಂದರೆ ಹುಡುಕುವ ಬಗೆ

ಅಮೆರಿಕದಲ್ಲಿ ಮನೆ ಮಾಡಿಕೊಂಡ ನಮ್ಮವರಲ್ಲಿ ಹಿತ್ತಲಿಗೆ ಮಣ್ಣು, ಗೊಬ್ಬರ, ಹಲಗೆ ಹೊರೋಕೆ ಅಂತ ಹಳೇ ಫೋರ್ಡ್ ಎಫ್-150 ಅಥವಾ ಎಫ್-250 ಕೊಂಡವರು ಇದ್ದಾರೆ. ಅವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಹೈವೇಯಲ್ಲಿ ಚೆನ್ನಾಗಿ ಹೋಗ್ತಾ ಇರುತ್ತೆ, ಇದ್ದಕ್ಕಿದ್ದಂತೆ ಇಂಜಿನ್ ಕೂಗೋಕೆ ಶುರು ಮಾಡುತ್ತೆ, ಓವರ್‌ಡ್ರೈವ್, ಅಂದ್ರೆ ನಾಲ್ಕನೇ ಗೇರ್, ಬಿಟ್ಟುಹೋಗುತ್ತೆ. ಐದು ನಿಮಿಷ ಆದ್ಮೇಲೆ ತಾನಾಗೇ ಸರಿ ಹೋಗುತ್ತೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಏನೂ ಆಗಲ್ಲ. ಗೇರ್‌ಬಾಕ್ಸ್ ಬಿಚ್ಚಿಸಬೇಕಾ?"

ಈಗಲೇ ಬೇಡ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕುತ್ತಿದ್ದೇನೆ.

ನಾನು ಹೇಳುತ್ತಿರುವುದು 1989ರಿಂದ 90ರ ದಶಕದ ಕೊನೆಯವರೆಗೆ ಬಂದ ಇ4ಒಡಿ (E4OD) ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಗ್ಗೆ. ಹಳೇ ಮೂರು ಗೇರಿನ ಸಿ6ಗೆ ಇನ್ನೊಂದು ಗೇರ್ ಸೆಟ್ ಸೇರಿಸಿ, ಕಂಪ್ಯೂಟರ್ ಕೈಗೆ ಕೊಟ್ಟರೆ ಹೇಗಿರುತ್ತದೋ ಅದೇ ಇದು. ನಿಮ್ಮದು ಇದೇನಾ ಅಂತ ನೋಡಲು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿ. ಟ್ರಾನ್ಸ್‌ಮಿಷನ್ (TR ಅಥವಾ TRANS) ಅನ್ನುವ ಜಾಗದಲ್ಲಿ "ಇ" (E) ಅಂತ ಇರಬೇಕು. ಬೇರೆ ಅಕ್ಷರ ಇದ್ದರೆ ಕೆಳಗಿನ ಅಂಕಿಗಳು ನಿಮ್ಮ ಗಾಡಿಗೆ ಹೊಂದುವುದಿಲ್ಲ.

ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಸುಟ್ಟ ಕ್ಲಚ್ ಐದು ನಿಮಿಷದಲ್ಲಿ ತಾನಾಗೇ ಸರಿಹೋಗುವುದಿಲ್ಲ. ಬಂದು ಹೋಗುವ ತೊಂದರೆ ಅಂದರೆ ಮೊದಲ ಅನುಮಾನ ಲೂಸ್ ಕಾಂಟ್ಯಾಕ್ಟ್ ಮೇಲೆ, ಸವೆದ ಸೆನ್ಸರ್ ಮೇಲೆ. ಒಳಗಿನ ತೊಂದರೆ ಇರುವುದೇ ಇಲ್ಲ ಅಂತಲ್ಲ. ಆದರೆ ಅದನ್ನು ಸಾಬೀತು ಮಾಡಿಕೊಂಡು ಆಮೇಲೆ ಬಿಚ್ಚಿ.

ಬೇಕಾಗುವ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್, ಎರಡಿದ್ದರೆ ಇನ್ನೂ ಒಳ್ಳೆಯದು. ಸಾಧ್ಯವಾದರೆ ಹಳೇ ಕಾಲದ ಮುಳ್ಳಿನ ಮೀಟರ್ ಒಂದು, ಯಾಕೆ ಅಂತ ಮುಂದೆ ಹೇಳುತ್ತೇನೆ. ಕನೆಕ್ಟರ್‌ನ ಹಿಂಭಾಗದಿಂದ ಒಳಗೆ ತೂರಿಸಲು ತೆಳ್ಳನೆ ಪಿನ್ನುಗಳು, ಮೂರ್ನಾಲ್ಕು ಮೀಟರ್ ವೈರ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ನಿಮ್ಮ ಗಾಡಿಯ ವರ್ಷ ಮತ್ತು ಇಂಜಿನ್‌ಗೆ ಸರಿಹೊಂದುವ ವೈರಿಂಗ್ ಡಯಾಗ್ರಾಂ. ಜೊತೆಗೆ ಗಾಡಿ ಓಡಿಸಲು ಇನ್ನೊಬ್ಬರು. ಓಡಿಸುತ್ತಾ ಮೀಟರ್ ನೋಡುವ ಸಾಹಸ ಬೇಡವೇ ಬೇಡ.

1. ನಿಜಕ್ಕೂ ಓವರ್‌ಡ್ರೈವ್ ಹೋಗುತ್ತಿದೆಯಾ?

ಕೇಳುವವರಲ್ಲಿ ಸುಮಾರು ಜನ ಇಲ್ಲೇ ಎಡವುತ್ತಾರೆ. ಓವರ್‌ಡ್ರೈವ್ ಅಂದರೆ ನಾಲ್ಕನೇ ಗೇರ್. ಇ4ಒಡಿಯಲ್ಲಿ ಅದರ ಅನುಪಾತ 0.71. ಅಂದರೆ ಇಂಜಿನ್ 71 ಸುತ್ತು ತಿರುಗುವಷ್ಟರಲ್ಲಿ ಹಿಂದಿನ ಶಾಫ್ಟ್ 100 ಸುತ್ತು ತಿರುಗುತ್ತದೆ. ಇದಲ್ಲದೆ ಲಾಕಪ್ ಅಂತ ಇನ್ನೊಂದಿದೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ, ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಡಬ್ಬಿ ಅನ್ನಿ. ಅದರೊಳಗೆ ಸಣ್ಣ ಜಾರಿಕೆ ಯಾವಾಗಲೂ ಇದ್ದೇ ಇರುತ್ತದೆ. ವೇಗ ಬಂದ ಮೇಲೆ ಒಳಗಿನ ಒಂದು ಕ್ಲಚ್ ಹಿಡಿದು ಆ ಜಾರಿಕೆ ನಿಲ್ಲಿಸುವುದೇ ಲಾಕಪ್. ಕೂತವರಿಗೆ ಇದು ಐದನೇ ಗೇರ್ ಬಿದ್ದಂತೆ ಅನಿಸುತ್ತದೆ.

ಬೇರೆ ಮಾಡುವುದು ಆರ್‌ಪಿಎಂ ನೋಡಿ. ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 3.55, ಟೈರ್ ಎತ್ತರ 29 ಇಂಚು ಇದ್ದರೆ ಗಂಟೆಗೆ 60 ಮೈಲಿಯಲ್ಲಿ ಮೂರನೇ ಗೇರ್‌ನಲ್ಲಿ ಸುಮಾರು 2450, ನಾಲ್ಕರಲ್ಲಿ ಸುಮಾರು 1750. ಹೆಚ್ಚುಕಮ್ಮಿ 700ರ ಜಿಗಿತ. ಲಾಕಪ್ ಬಿಟ್ಟರೆ ಏರುವುದು 200-300 ಮಾತ್ರ. ಸಣ್ಣ ಜಿಗಿತ ಕಂಡರೆ ಓವರ್‌ಡ್ರೈವ್ ಬಟನ್ ಹಿಂದೆ ಬೀಳಬೇಡಿ, ಮೊದಲು ಬ್ರೇಕ್ ಪೆಡಲ್ ಹತ್ತಿರದ ಸ್ವಿಚ್ ನೋಡಿ. ಬ್ರೇಕ್ ಒತ್ತಿದ್ದಾರೆ ಅಂತ ಕಂಪ್ಯೂಟರ್‌ಗೆ ತಪ್ಪಾಗಿ ತಿಳಿದರೆ ಅದು ಲಾಕಪ್ ಬಿಡಿಸುತ್ತದೆ. ಹಿಂದೆ ಬರುವವರನ್ನು ಕೇಳಿ, ಬ್ರೇಕ್ ಲೈಟ್ ಸುಮ್‌ಸುಮ್ನೆ ಹತ್ತುತ್ತಾ ಅಂತ. ಇಂಜಿನ್ ಇನ್ನೂ ತಣ್ಣಗಿದ್ದಾಗ ಲಾಕಪ್ ಬರದಿದ್ದರೆ ಅದು ಸರಿಯೇ, ತೊಂದರೆಯಲ್ಲ.

ಇನ್ನೊಂದು. ಟ್ರೈಲರ್ ಎಳೆಯುವಾಗ ಅಥವಾ ಏರಿನಲ್ಲಿ ಮೂರಕ್ಕೂ ನಾಲ್ಕಕ್ಕೂ ಹೊಯ್ದಾಡಿದರೆ ಅದು ಕೆಟ್ಟಿದ್ದಲ್ಲ. ಓವರ್‌ಡ್ರೈವ್ ಬಟನ್ ಇಟ್ಟಿರುವುದೇ ಅದಕ್ಕೆ, ಒತ್ತಿ ಆಫ್ ಮಾಡಿಕೊಂಡು ಹೋಗಿ.

ಎರಡು ಮೂರು ದಿನ ಒಂದು ಚೀಟಿಯಲ್ಲಿ ಬರೆದಿಡಿ: ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಹಳ್ಳ ಹಾರಿದಾಗಲೋ, ಮಳೆಯಲ್ಲೋ, ಎಷ್ಟು ವೇಗದಲ್ಲಿ, ಎಷ್ಟು ಆರ್‌ಪಿಎಂ ಏರಿತು. ಈ ಚೀಟಿ ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ.

2. ಎಣ್ಣೆ

ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಪಾರ್ಕ್‌ನಲ್ಲಿ, ಇಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸ್‌ನ ಡಿಪ್‌ಸ್ಟಿಕ್ ನೋಡಿ. ಇಂಜಿನ್ ಆಯಿಲ್ ನೋಡುವ ಅಭ್ಯಾಸದಲ್ಲಿ ಆಫ್ ಮಾಡಿ ನೋಡಿದರೆ ಜಾಸ್ತಿ ತೋರಿಸುತ್ತದೆ, ಎಣ್ಣೆ ಕಮ್ಮಿ ಇರುವುದು ಗೊತ್ತೇ ಆಗಲ್ಲ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಕೆಂಪಗಿದ್ದರೆ ಒಳ್ಳೆಯದು, ಕಂದು ಬಣ್ಣ ಇದ್ದರೆ ಹಳತು, ಕಪ್ಪಗಾಗಿ ಸುಟ್ಟ ವಾಸನೆ ಹೊಡೆದರೆ ಕೊನೆಯ ಹಂತ ಓದಿ. ಈ ಗೇರ್‌ಬಾಕ್ಸ್‌ಗೆ ಮೊದಲು ಹೇಳಿದ್ದು ಮರ್ಕಾನ್ ಅನ್ನುವ ಎಣ್ಣೆ. ಈಗ ಅದರ ಬದಲಿಗೆ ಮರ್ಕಾನ್-5 ಹಾಕುತ್ತಾರೆ.

3. ಮಿಣುಕುವ ಲೈಟ್ ಮತ್ತು ಕೋಡ್

ಓ/ಡಿ ಆಫ್ ಅನ್ನುವ ಲೈಟ್ ಸುಮ್ಮನೆ ಹತ್ತಿಕೊಂಡಿದ್ದರೆ ಓವರ್‌ಡ್ರೈವ್ ಬೇಡ ಅಂತ ಬಟನ್ ಒತ್ತಿದ್ದೀರಿ ಅಂತ ಅರ್ಥ. ಅದೇ ಲೈಟ್ ಮಿಣುಕಿದರೆ ಗೇರ್‌ಬಾಕ್ಸ್ ಕಡೆ ಏನೋ ತಪ್ಪು ಕಂಡು ಕಂಪ್ಯೂಟರ್ ಅದನ್ನು ಒಂದು ಅಂಕಿಯಾಗಿ, ಅಂದರೆ ಕೋಡ್ ಆಗಿ, ಬರೆದಿಟ್ಟುಕೊಂಡಿದೆ. ಕೀ ಆಫ್ ಮಾಡಿ ಆನ್ ಮಾಡಿದರೆ ಮಿಣುಕು ನಿಲ್ಲಬಹುದು, ಕೋಡ್ ಮಾತ್ರ ಒಳಗೆ ಉಳಿದಿರುತ್ತದೆ.

ಹಾಗಾಗಿ ಕೋಡ್ ಓದುವ ಮೊದಲು ಬ್ಯಾಟರಿ ಬಿಚ್ಚಬೇಡಿ. ಬಿಚ್ಚಿದರೆ ಇರುವ ಒಂದು ಸುಳಿವೂ ಅಳಿಸಿಹೋಗುತ್ತದೆ. ಈ ತಪ್ಪು ಮಾಡಿದವರು ಎಷ್ಟು ಜನ ಅಂತ ಲೆಕ್ಕ ಇಟ್ಟಿಲ್ಲ.

ಡ್ಯಾಶ್ ಕೆಳಗೆ 16 ಪಿನ್ ಸಾಕೆಟ್ ಇದ್ದರೆ ಕೋಡ್ ಓದುವ ಈಗಿನ ಒಬಿಡಿ-2 ರೀಡರ್ ಸಾಕು. ಅದಕ್ಕಿಂತ ಹಳೆಯದರಲ್ಲಿ ಬಾನೆಟ್ ಕೆಳಗೆ ಆರು ಕಿಂಡಿಯ ಒಂದು ಪ್ಲಗ್, ಪಕ್ಕದಲ್ಲೇ ಒಂಟಿ ವೈರಿನ ಇನ್ನೊಂದು ಪ್ಲಗ್ ಇರುತ್ತದೆ. ಒಂಟಿ ವೈರನ್ನು ಆರು ಕಿಂಡಿಯಲ್ಲಿ ಸಿಗ್ನಲ್ ರಿಟರ್ನ್ ಅನ್ನುವ ಕಿಂಡಿಗೆ ಸೇರಿಸಿ ಕೀ ಆನ್ ಮಾಡಿದರೆ, ಇಂಜಿನ್ ಸ್ಟಾರ್ಟ್ ಮಾಡದೆ, ಚೆಕ್ ಇಂಜಿನ್ ಲೈಟ್ ಮಿಣುಕಿ ಅಂಕಿ ಹೇಳುತ್ತದೆ. ಕಿಂಡಿ ಯಾವುದು ಅಂತ ಡಯಾಗ್ರಾಂ ನೋಡಿಯೇ ಹಾಕಿ, ಪಕ್ಕದ ಕಿಂಡಿಗಳಿಗೆ ಬೇರೆ ಕೆಲಸ ಇದೆ. ಕೋಡ್ ಬರುತ್ತಿರುವಾಗ ನಡುವೆ ವೈರ್ ಕಿತ್ತರೆ ಮೆಮೊರಿ ಅಳಿಸಿಹೋಗುತ್ತದೆ, ಪೂರ್ತಿ ಮುಗಿಯುವವರೆಗೆ ಬರೆದುಕೊಳ್ಳಿ. 90ರ ದಶಕದ ಶುರುವಿನವರೆಗಿನ ಗಾಡಿಗಳು ಎರಡಂಕಿ ಹೇಳುತ್ತವೆ, ಆಮೇಲಿನವು ಮೂರಂಕಿ. ಮೂರಂಕಿಯಲ್ಲಿ ನಮಗೆ ಬೇಕಾದವು ಇವು: 111 ಅಂದರೆ ಎಲ್ಲ ಸರಿ. 452 ವೇಗದ ಸೆನ್ಸರ್. 536 ಬ್ರೇಕ್ ಸ್ವಿಚ್. 621, 622 ಶಿಫ್ಟ್ ಸೊಲೆನಾಯ್ಡ್‌ಗಳ ಸರ್ಕ್ಯೂಟ್. 632 ಓವರ್‌ಡ್ರೈವ್ ಬಟನ್. 634 ಗೇರ್ ಲಿವರ್ ಜಾಗ ಹೇಳುವ ಸೆನ್ಸರ್. ಸೊಲೆನಾಯ್ಡ್ ಅಂದರೆ ಕರೆಂಟ್ ಕೊಟ್ಟಾಗ ಎಣ್ಣೆಯ ದಾರಿ ತೆರೆದು ಮುಚ್ಚುವ ಪುಟ್ಟ ಕವಾಟ, ಅಷ್ಟೆ.

622 ಬಂತು ಅಂತ ಕೂಡಲೇ ಸೊಲೆನಾಯ್ಡ್ ಕೊಳ್ಳಲು ಓಡಬೇಡಿ. ಕೋಡ್ ಹೇಳುವುದು ಆ ಸರ್ಕ್ಯೂಟ್‌ನಲ್ಲಿ ಎಲ್ಲೋ ತೊಂದರೆ ಅಂತ. ವೈರ್ ಇರಬಹುದು, ಕನೆಕ್ಟರ್ ಇರಬಹುದು. ಕೋಡ್ ಏನೂ ಇಲ್ಲದಿದ್ದರೂ ಎಲ್ಲ ಸರಿ ಇದೆ ಅಂತಲ್ಲ.

4. ಬ್ಯಾಟರಿ ಮತ್ತು ಅರ್ತ್

ಬೇಗ ಮುಗಿಯುವ ಕೆಲಸ, ಆದರೂ ಬಿಡಬೇಡಿ. ಕೋಡ್ ಬರೆದಾಯ್ತಲ್ಲ, ಈಗ ಬ್ಯಾಟರಿ ಬಿಚ್ಚಬಹುದು. ನೆಗೆಟಿವ್ ಕೇಬಲ್ ಪಕ್ಕದಲ್ಲೇ ಕಂಪ್ಯೂಟರ್‌ನ ಅರ್ತ್ ವೈರ್ ಸೇರುತ್ತದೆ. ಅದು ಹಸಿರು ಪುಡಿ ಹಿಡಿದಿದ್ದರೆ ಉಜ್ಜಿ ಬಿಗಿ ಮಾಡಿ. ಆಮೇಲೆ ಇಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಮೀಟರ್ ಅನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿ ಮೇಲಿಡಿ. 0.1ಕ್ಕಿಂತ ಕಮ್ಮಿ ಇರಬೇಕು. 0.5 ದಾಟಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಡಯೋಡ್ ಹೋಗಿದೆ. ಆ ಗದ್ದಲ ಸೆನ್ಸರ್ ವೈರುಗಳಿಗೆ ಸೇರಿಕೊಂಡು ಕಂಪ್ಯೂಟರ್ ತಲೆ ಕೆಡಿಸುತ್ತದೆ.

5. ಎರಡು ವೈರುಗಳ ಪರೀಕ್ಷೆ

ಬೇರೆ ಏನು ಮಾಡದಿದ್ದರೂ ಇದನ್ನು ಮಾಡಿ. ಓವರ್‌ಡ್ರೈವ್ ಬಿಟ್ಟುಹೋದಾಗ ಕಂಪ್ಯೂಟರ್ ಬಿಡಿಸಿತೋ ಗೇರ್‌ಬಾಕ್ಸ್ ತಾನಾಗಿ ಬಿಟ್ಟಿತೋ ಅನ್ನುವುದು ಇದೊಂದರಲ್ಲೇ ಗೊತ್ತಾಗುತ್ತದೆ.

ಸೊಲೆನಾಯ್ಡ್‌ಗಳಿಗೆ 12 ವೋಲ್ಟ್ ಯಾವಾಗಲೂ ಬರುತ್ತಿರುತ್ತದೆ, ಕಂಪ್ಯೂಟರ್ ಇನ್ನೊಂದು ತುದಿಯನ್ನು ಅರ್ತ್ ಮಾಡಿ ಆನ್ ಮಾಡುತ್ತದೆ. ಹಾಗಾಗಿ ಕಂಪ್ಯೂಟರ್ ಕಡೆಯ ವೈರಿನಲ್ಲಿ 12-14 ವೋಲ್ಟ್ ಕಂಡರೆ ಸೊಲೆನಾಯ್ಡ್ ಆಫ್, ಸೊನ್ನೆಯ ಹತ್ತಿರ ಇದ್ದರೆ ಆನ್. ಇದು ತಿರುಗಾಮುರುಗಾ ಅನಿಸುತ್ತದೆ ಅಲ್ವಾ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಲಿವರ್ ಡಿನಲ್ಲಿದ್ದಾಗ ಶಿಫ್ಟ್ ಸೊಲೆನಾಯ್ಡ್ 1 ಮತ್ತು 2 ಹೀಗೆ ಕೆಲಸ ಮಾಡುತ್ತವೆ. ಮೊದಲ ಗೇರ್: ಒಂದು ಆನ್, ಎರಡು ಆಫ್. ಎರಡನೇ ಗೇರ್: ಎರಡೂ ಆನ್. ಮೂರನೇ ಗೇರ್: ಒಂದು ಆಫ್, ಎರಡು ಆನ್. ನಾಲ್ಕನೇ ಗೇರ್: ಎರಡೂ ಆಫ್. ಅಂದರೆ ಮೂರರಿಂದ ನಾಲ್ಕಕ್ಕೆ ಹೋಗಲು ಕಂಪ್ಯೂಟರ್ ಮಾಡುವುದು ಇಷ್ಟೇ, ಎರಡನೇ ಸೊಲೆನಾಯ್ಡ್ ಆಫ್ ಮಾಡುವುದು. ಇನ್ನೊಂದು ಕೋಸ್ಟ್ ಕ್ಲಚ್ ಸೊಲೆನಾಯ್ಡ್ ಇದೆ. ಡಿನಲ್ಲಿ ಓಡುವಾಗ ನೀವು ಓವರ್‌ಡ್ರೈವ್ ಆಫ್ ಮಾಡಿದರೆ ಮಾತ್ರ ಅದು ಆನ್ ಆಗುತ್ತದೆ.

ಈ ಎರಡು ವೈರ್, ಶಿಫ್ಟ್ ಸೊಲೆನಾಯ್ಡ್ 2 ಮತ್ತು ಕೋಸ್ಟ್ ಕ್ಲಚ್, ಡಯಾಗ್ರಾಂನಲ್ಲಿ ಬಣ್ಣ ನೋಡಿ ಹುಡುಕಿ. ಕಂಪ್ಯೂಟರ್ ಕನೆಕ್ಟರ್‌ನ ಹಿಂಭಾಗದಿಂದ ಪಿನ್ ತೂರಿಸಿ, ಉದ್ದದ ವೈರ್ ಕಟ್ಟಿ ಕ್ಯಾಬಿನ್ ಒಳಗೆ ತನ್ನಿ. ವೈರಿನ ಪ್ಲಾಸ್ಟಿಕ್ ಚುಚ್ಚಬೇಡಿ, ಆ ತೂತಿನಿಂದ ನೀರು ಹೋಗಿ ಮುಂದಿನ ವರ್ಷ ಹೊಸ ತೊಂದರೆ ಬರುತ್ತದೆ. ಬಲ್ಬ್ ಇರುವ ಟೆಸ್ಟರ್ ಅಂತೂ ಬೇಡವೇ ಬೇಡ. ಬಲ್ಬ್ ಮೂಲಕ ಕರೆಂಟ್ ಅರ್ತ್‌ಗೆ ಹರಿದು ಸೊಲೆನಾಯ್ಡ್ ತಾನೇ ಆನ್ ಆಗಬಹುದು, ಆಮೇಲೆ ನೀವು ನೋಡುವುದು ನೀವೇ ಮಾಡಿದ ತೊಂದರೆಯನ್ನು.

ಮೊದಲು ಸರಿಯಾಗಿರುವಾಗ ಒಂದು ಸುತ್ತು ಹೋಗಿ. ನಾಲ್ಕನೇ ಗೇರ್ ಬಿದ್ದಾಗ ಎರಡೂ ವೈರ್ 12-14 ತೋರಿಸಬೇಕು. ಬಟನ್ ಒತ್ತಿದರೆ ಎರಡೂ ಸೊನ್ನೆಯ ಹತ್ತಿರ ಇಳಿಯಬೇಕು. ಹಾಗೆ ಆದರೆ ಸರಿಯಾದ ವೈರ್ ಹಿಡಿದಿದ್ದೀರಿ. ಇನ್ನು ತೊಂದರೆ ಬರುವವರೆಗೆ ಓಡಿಸುತ್ತಿರಿ. ಬಂದ ಕ್ಷಣದಲ್ಲಿ ಪಕ್ಕದಲ್ಲಿ ಕೂತವರು ಎರಡೂ ಅಂಕಿ ಓದಲಿ.

ಎರಡೂ ಸೊನ್ನೆಗೆ ಬಿದ್ದರೆ: ಬಟನ್ ಒತ್ತಿದ್ದೀರಿ ಅಂತ ಕಂಪ್ಯೂಟರ್ ನಂಬಿದೆ. ಹಂತ 6.

ಕೋಸ್ಟ್ ಕ್ಲಚ್ 12ರಲ್ಲೇ ಇದ್ದು ಶಿಫ್ಟ್ 2 ಮಾತ್ರ ಸೊನ್ನೆಗೆ ಬಿದ್ದರೆ: ಯಾವುದೋ ಸೆನ್ಸರ್ ಮಾತು ಕೇಳಿ ಕಂಪ್ಯೂಟರ್ ಮೂರಕ್ಕೆ ಇಳಿಸಿದೆ, ಇಲ್ಲವೇ ಆ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ. ಹಂತ 7.

ಎರಡೂ 12ರಲ್ಲೇ ಇದ್ದು ಆರ್‌ಪಿಎಂ ಮೇಲೆ ಹೋದರೆ: ಕಂಪ್ಯೂಟರ್ ನಾಲ್ಕನ್ನೇ ಕೇಳುತ್ತಿದೆ, ಗೇರ್‌ಬಾಕ್ಸ್ ಕೊಡುತ್ತಿಲ್ಲ. ಹಂತ 8.

6. ಬಟನ್ ಮತ್ತು ಲಿವರ್ ಒಳಗಿನ ವೈರ್

1992ರಿಂದ ಎಫ್ ಸರಣಿಯಲ್ಲಿ ಈ ಬಟನ್ ಗೇರ್ ಲಿವರ್ ತುದಿಯಲ್ಲಿದೆ. ವೈರುಗಳು ಲಿವರ್‌ನ ಟೊಳ್ಳಿನೊಳಗೆ ಇಳಿದು, ಬುಡದಲ್ಲಿ ಸ್ಟೀರಿಂಗ್ ಕಾಲಂ ಸೇರುವಲ್ಲಿ ಹೊರಗೆ ಬರುತ್ತವೆ. ಪಾರ್ಕ್‌ನಿಂದ ಡಿಗೆ, ಡಿಯಿಂದ ಪಾರ್ಕ್‌ಗೆ, ದಿನಕ್ಕೆ ಹತ್ತು ಸಲ, ಮೂವತ್ತು ವರ್ಷ. ಪ್ರತಿ ಸಲವೂ ಆ ವೈರ್ ಅದೇ ಜಾಗದಲ್ಲಿ ಬಗ್ಗುತ್ತದೆ. ಪ್ಲಾಸ್ಟಿಕ್ ಬಿರಿದು ಎಳೆಗಳು ಹೊರಗೆ ಇಣುಕುತ್ತವೆ. ಒಂದಕ್ಕೊಂದು ತಾಗಿದರೆ ಬಟನ್ ಒತ್ತಿದಂತೆ ಆಗುತ್ತದೆ, ಲಿವರ್‌ನ ಲೋಹಕ್ಕೆ ತಾಗಿದರೆ ಫ್ಯೂಸ್ ಹೋಗಬಹುದು. ಈ ಬಟನ್ ಒಂದು ಸಲ ಒತ್ತಿದರೆ ಆಫ್, ಇನ್ನೊಂದು ಸಲ ಒತ್ತಿದರೆ ಆನ್. ಹಾಗಾಗಿ ಹಳ್ಳ ಹಾರಿದಾಗ ಹೋದ ಓವರ್‌ಡ್ರೈವ್ ಮುಂದಿನ ಹಳ್ಳದಲ್ಲಿ ವಾಪಸ್ ಬರುತ್ತದೆ, ಅಥವಾ ಕೀ ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ. ನಮ್ಮ ಸ್ನೇಹಿತರೊಬ್ಬರಿಗೆ ಇದೇ ತೊಂದರೆಗೆ ಒಂದು ಗ್ಯಾರೇಜಿನವರು ಪೂರ್ತಿ ಗೇರ್‌ಬಾಕ್ಸ್ ರೀಬಿಲ್ಡ್‌ಗೆ ಬಿಲ್ ಬರೆದುಕೊಟ್ಟಿದ್ದರು. ಕೊನೆಗೆ ಹಿಡಿದಿದ್ದು ಒಂದು ಗೇಣು ವೈರ್.

ಪರೀಕ್ಷೆ ಸುಲಭ. ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಆಫ್ ಇಟ್ಟು ಕೀ ಆನ್ ಮಾಡಿ. ಬ್ರೇಕ್ ತುಳಿದು ಲಿವರನ್ನು ನಿಧಾನವಾಗಿ ಎಲ್ಲ ಜಾಗಕ್ಕೂ ಆಡಿಸಿ, ಮೇಲೆ ಕೆಳಗೆ ಅಲುಗಾಡಿಸಿ, ಟಿಲ್ಟ್ ಇದ್ದರೆ ಸ್ಟೀರಿಂಗನ್ನೂ ಏರಿಸಿ ಇಳಿಸಿ. ಬಟನ್ ಮುಟ್ಟದೆ ಓ/ಡಿ ಆಫ್ ಲೈಟ್ ಬದಲಾದರೆ ಕಳ್ಳ ಸಿಕ್ಕ. ಸಿಗದಿದ್ದರೂ ಅನುಮಾನ ಇದ್ದರೆ ಕಾಲಂ ಬುಡದಲ್ಲಿ ಬಟನ್‌ನ ಪ್ಲಗ್ ಬಿಚ್ಚಿ, ಟೇಪ್ ಸುತ್ತಿ, ಒಂದು ವಾರ ಓಡಿಸಿ. ಪ್ಲಗ್ ಇಲ್ಲದಿದ್ದರೆ ಓವರ್‌ಡ್ರೈವ್ ಯಾವಾಗಲೂ ಆನ್ ಇರುತ್ತದೆ. ಆ ವಾರ ಭಾರದ ಟ್ರೈಲರ್ ಮಾತ್ರ ಎಳೆಯಬೇಡಿ.

7. ಸುಳ್ಳು ಹೇಳುವ ಸೆನ್ಸರ್‌ಗಳು

ಮೂರು ಇವೆ. ಮೊದಲನೆಯದು ಲಿವರ್ ಎಲ್ಲಿದೆ ಅಂತ ಹೇಳುವ ಸೆನ್ಸರ್, ಮೆಕ್ಯಾನಿಕ್‌ಗಳು ಕರೆಯುವುದು ಎಂಎಲ್‌ಪಿಎಸ್ (ಮ್ಯಾನುಯಲ್ ಲಿವರ್ ಪೊಸಿಷನ್ ಸೆನ್ಸರ್) ಅಂತ. ಗೇರ್‌ಬಾಕ್ಸ್‌ನ ಡ್ರೈವರ್ ಕಡೆ ಹೊರಗೇ ಕೂತಿರುತ್ತದೆ, ಹಾಗಾಗಿ ರಸ್ತೆಯ ನೀರು, ಕೆಸರು, ಉಪ್ಪು ಎಲ್ಲ ಅದರ ಮೇಲೇ. ಪಾರ್ಕ್‌ನಲ್ಲಿ ಲಿವರ್ ಅಲುಗಾಡಿಸಿದರೆ ಮಾತ್ರ ಸ್ಟಾರ್ಟ್ ಆಗುವುದು, ರಿವರ್ಸ್ ಲೈಟ್ ಒಮ್ಮೊಮ್ಮೆ ಹತ್ತದಿರುವುದು, ಇವೂ ಇದ್ದರೆ ಇದರ ಮೇಲೇ ಅನುಮಾನ ಪಡಿ. ಪ್ಲಗ್ ಬಿಚ್ಚಿ ಓಮ್ಸ್ ನೋಡಿ: ಪಾರ್ಕ್‌ನಲ್ಲಿ ನಾಲ್ಕು ಸಾವಿರದ ಆಸುಪಾಸು, ನ್ಯೂಟ್ರಲ್‌ನಲ್ಲಿ 700ರ ಆಸುಪಾಸು, ಡಿನಲ್ಲಿ 400, ಒಂದರಲ್ಲಿ ನೂರಕ್ಕಿಂತ ಕಮ್ಮಿ. ಡಿನಲ್ಲಿಟ್ಟು ಸೆನ್ಸರನ್ನು ಬೆರಳಲ್ಲಿ ತಟ್ಟಿ. ಅಂಕಿ ಕುಣಿದರೆ ಬದಲಾಯಿಸಿ. ಹೊಸದು ಹಾಕುವಾಗ ಲಿವರ್ ನ್ಯೂಟ್ರಲ್‌ನಲ್ಲಿಟ್ಟು ಸರಿಯಾಗಿ ಕೂರಿಸಬೇಕು. ಸ್ವಲ್ಪ ಓರೆಯಾದರೂ ಹೊಸ ಸೆನ್ಸರ್ ಹಳೇ ಸುಳ್ಳನ್ನೇ ಹೇಳುತ್ತದೆ. ಗಾಡಿ ಕೆಳಗೆ ಹೋಗುವ ಮುನ್ನ ಜಾಕ್ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಬೇಡಿ.

ಎರಡನೆಯದು ಥ್ರಾಟಲ್ ಸೆನ್ಸರ್, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಅಂತ ಹೇಳುವುದು. ಬಿಟ್ಟಾಗ ಸುಮಾರು 1 ವೋಲ್ಟ್, ಪೂರ್ತಿ ಒತ್ತಿದಾಗ 4.5ರ ಹತ್ತಿರ. ಮುಳ್ಳಿನ ಮೀಟರ್ ಬೇಕಾಗುವುದು ಇಲ್ಲಿಯೇ. ಥ್ರಾಟಲ್ ನಿಧಾನವಾಗಿ ತೆರೆಯುತ್ತಾ ಹೋಗಿ, ಮುಳ್ಳು ನುಣ್ಣಗೆ ಏರಬೇಕು. ಹೈವೇಯಲ್ಲಿ ಕಾಲು ಒಂದೇ ಕಡೆ ಇರುತ್ತದೆ ನೋಡಿ, ಹಾಗಾಗಿ ಶುರುವಿನ ಕಾಲು ಭಾಗದಲ್ಲೇ ಸೆನ್ಸರ್ ಜಾಸ್ತಿ ಸವೆದಿರುತ್ತದೆ. ಅಲ್ಲಿ ಮುಳ್ಳು ಒಂದು ಸಲ ತಟ್ಟನೆ ಬಿದ್ದು ಎದ್ದರೂ ಸಾಕು, ಸೆನ್ಸರ್ ಹೋಗಿದೆ. ಡಿಜಿಟಲ್ ಮೀಟರ್‌ನಲ್ಲಿ ಅದು ಕಾಣುವಷ್ಟರಲ್ಲಿ ದಾಟಿಹೋಗಿರುತ್ತದೆ. ಹಳೇ 7.3 ಐಡಿಐ ಡೀಸೆಲ್‌ನವರು ಇದನ್ನು ಡೀಸೆಲ್ ಪಂಪಿನ ಪಕ್ಕದಲ್ಲಿ ಹುಡುಕಿ.

ಮೂರನೆಯದು ವೇಗದ ಸೆನ್ಸರ್. 1992ರಿಂದ ಇದು ಹಿಂದಿನ ಡಿಫರೆನ್ಶಿಯಲ್ ಮೇಲಿದೆ. ಸ್ಪೀಡೋಮೀಟರ್ ಮುಳ್ಳು ನಡುಗುತ್ತಿದ್ದರೆ, ಎಬಿಎಸ್ ಲೈಟೂ ಆಗಾಗ ಹತ್ತುತ್ತಿದ್ದರೆ ಬೇರೆ ಕಡೆ ಹುಡುಕಬೇಡಿ. ಒಂದೇ ಬೋಲ್ಟ್. ಬಿಚ್ಚಿ ನೋಡಿದರೆ ತುದಿಯಲ್ಲಿ ಕಬ್ಬಿಣದ ಪುಡಿ ಗಡ್ಡದ ಹಾಗೆ ಅಂಟಿಕೊಂಡಿರುತ್ತದೆ, ಒರೆಸಿ ಹಾಕಿ.

8. ಗೇರ್‌ಬಾಕ್ಸ್ ಕಡೆಯ ಕನೆಕ್ಟರ್, ಆಮೇಲೆ ಒಳಗೆ

ಇಲ್ಲಿಗೆ ಬಂದರೂ ಕೂಡಲೇ ಬಿಚ್ಚಬೇಡಿ. ಪ್ಯಾಸೆಂಜರ್ ಕಡೆ, ಸೈಲೆನ್ಸರ್ ಪೈಪಿನ ಹತ್ತಿರ, ಎಲ್ಲ ಸೊಲೆನಾಯ್ಡ್‌ಗಳ ಒಂದೇ ದೊಡ್ಡ ಕನೆಕ್ಟರ್ ಇದೆ. ಪೈಪ್ ಪೂರ್ತಿ ತಣ್ಣಗಾದ ಮೇಲೇ ಕೈ ಹಾಕಿ. ಬಿಸಿಗೆ ಪ್ಲಾಸ್ಟಿಕ್ ಹಪ್ಪಳದ ಹಾಗಾಗಿರುತ್ತದೆ, ಒತ್ತಿ ಎಳೆದರೆ ಕೊಂಡಿ ಮುರಿಯುತ್ತದೆ. ಒಳಗೆ ಎಣ್ಣೆ, ಹಸಿರು ಪುಡಿ ಇದ್ದರೆ ಸ್ಪ್ರೇ ಹೊಡೆದು ಒಣಗಿಸಿ. ಗೇರ್‌ಬಾಕ್ಸ್ ಕಡೆಯ ಪಿನ್ನುಗಳಲ್ಲಿ ಓಮ್ಸ್ ನೋಡಿ: ಶಿಫ್ಟ್ ಸೊಲೆನಾಯ್ಡ್‌ಗಳು 20ರಿಂದ 30. ತಣ್ಣಗಿದ್ದಾಗ ಒಮ್ಮೆ, ಅರ್ಧ ಗಂಟೆ ಓಡಿಸಿ ಬಂದು ಇನ್ನೊಮ್ಮೆ. ಬಿಸಿಯಲ್ಲಿ ಸ್ವಲ್ಪ ಏರುವುದು ಸಹಜ, ಪೂರ್ತಿ ಓಪನ್ (ಸಂಪರ್ಕ ಕಡಿದಂತೆ) ತೋರಿಸಿದರೆ ಅಥವಾ ತುಂಬಾ ಕೆಳಗಿಳಿದರೆ ಸೊಲೆನಾಯ್ಡ್ ಪ್ಯಾಕ್ ಬದಲಾಯಿಸಬೇಕು. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ, ಕೆಳಗಿನ ಪ್ಯಾನ್ ಬಿಚ್ಚಿದರೆ ಸಾಕು. ಪ್ಯಾಕ್ ನಿಮ್ಮ ಗಾಡಿಯ ವರ್ಷದ್ದೇ ಆಗಿರಲಿ, ಫಿಲ್ಟರನ್ನೂ ಅದೇ ಕೈಯಲ್ಲಿ ಬದಲಾಯಿಸಿ.

ಪ್ಯಾನ್ ತಳದಲ್ಲಿ ಬೂದು ಬಣ್ಣದ ನುಣ್ಣನೆ ಕೆಸರು ತೆಳ್ಳಗಿದ್ದರೆ ಹೆದರಬೇಡಿ, ಅದು ವಯಸ್ಸು. ಕಪ್ಪು ಚೂರುಗಳು, ಹೊಳೆಯುವ ಲೋಹದ ತುಣುಕು, ಜೊತೆಗೆ ಎರಡನೇ ಹಂತದಲ್ಲಿ ಹೇಳಿದ ಸುಟ್ಟ ವಾಸನೆ ಇದ್ದರೆ ರೀಬಿಲ್ಡ್ ಮಾತು ನಿಜ. ಆಗ ಎರಡು ವೈರಿನ ಅಂಕಿಗಳನ್ನು ಬರೆದ ಚೀಟಿ ತೆಗೆದುಕೊಂಡು ಒಳ್ಳೆಯ ಟ್ರಾನ್ಸ್‌ಮಿಷನ್ ಮೆಕ್ಯಾನಿಕ್ ಹತ್ತಿರ ಹೋಗಿ. ಆ ಚೀಟಿ ನೋಡಿದ ಮೇಲೆ ಅವರು ಮಾತಾಡುವ ರೀತಿಯೇ ಬೇರೆ ಇರುತ್ತದೆ.

ರಿಪೇರಿ ಆದ ಮೇಲೆ ಕಂಪ್ಯೂಟರ್ ಮೆಮೊರಿ ಅಳಿಸಿ. ಮೊದಲ ಒಂದೆರಡು ದಿನ ಐಡ್ಲಿಂಗ್ ಸ್ವಲ್ಪ ಏರುಪೇರಾದರೆ ಗಾಬರಿ ಬೇಡ, ಕಂಪ್ಯೂಟರ್ ಮತ್ತೆ ಕಲಿಯುತ್ತಿರುತ್ತದೆ. ಲಿವರ್‌ನ ವೈರ್ ಬದಲಾಯಿಸಿದವರು ಬುಡದಲ್ಲಿ ಒಂದು ಬೆರಳಷ್ಟು ವೈರ್ ಸಡಿಲ ಬಿಡಿ, ಬಿಗಿಯಾಗಿ ಎಳೆದು ಕಟ್ಟಬೇಡಿ.